ನ್ಯುಮೋನಿಯಾಗೆ ಹೆಪಾರಿನ್ ಯಾಕೆ?

ಪ್ರಶ್ನೆ: ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ 72 ವರ್ಷದ ತಂದೆಗೆ ದಿನವೂ ಎನಾಕ್ಸಾಪ್ಯಾರಿನ್ (ಹೆಪಾರಿನ್‌ನ ಒಂದು ಬಗೆ) 40 ಮಿ.ಗ್ರಾಂ. ಚುಚ್ಚುತ್ತಿದ್ದಾರೆ. ಸೋಂಕಿಗೆ ರಕ್ತ ತೆಳುವಾಗಿಸುವ ಔಷಧ ಏಕೆ? ಡಿ-ಡೈಮರ್ 900 ಬಂದಿದೆ, ಹೆದರಬೇಕೆ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಸೋಂಕಿಗೂ ರಕ್ತ ಹೆಪ್ಪುಗಟ್ಟುವುದಕ್ಕೂ ಇರುವ ನಂಟು ಬಿಳಿ ರಕ್ತಕಣಗಳದ್ದು. ಬ್ಯಾಕ್ಟೀರಿಯಾ ಎದುರಾದಾಗ ಬಿಳಿ ಕಣಗಳ ಒಂದು ಬಗೆಯಾದ ಮಾನೊಸೈಟ್‌ಗಳ ಮೈಮೇಲೆ ‘ಟಿಶ್ಯೂ ಫ್ಯಾಕ್ಟರ್’ ಎಂಬ ಪ್ರೋಟೀನ್ ಮೂಡುತ್ತದೆ. ಅದು ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಲ್ಲಿ ಒಂದಾದ 7ನೇ ಅಂಶವನ್ನು ಹಿಡಿದರೆ ಸರಣಿ ಶುರು: ಕೊನೆಗೆ ಥ್ರಾಂಬಿನ್ ಎಂಬ ಕಿಣ್ವ, ಅದರಿಂದ ಹೆಪ್ಪನ್ನು ಹೆಣೆಯುವ ಫೈಬ್ರಿನ್ ಎಳೆ. ಇನ್ನೊಂದು ಬಗೆಯ ಬಿಳಿ ಕಣಗಳಾದ ನ್ಯೂಟ್ರೋಫಿಲ್‌ಗಳಂತೂ ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಎರಚುತ್ತವೆ (ಇದು ಬೆಳಕಿಗೆ ಬಂದದ್ದೇ 2004ರಲ್ಲಿ). ರೋಗಾಣುವಿನ ಜೊತೆ ಪ್ಲೇಟ್‌ಲೆಟ್‌ಗಳೂ ಅದಕ್ಕೆ ಅಂಟುತ್ತವೆ. ಥ್ರಾಂಬಿನ್ ತಿರುಗಿ ಉರಿಯೂತವನ್ನು ಕೆರಳಿಸುತ್ತದೆ. ಮಲಗಿದವರ ಕಾಲಿನಲ್ಲಿ ರಕ್ತದ ಓಟವೂ ನಿಧಾನ. ಹೀಗಾಗಿ ಅಲ್ಲಿ ಹೆಪ್ಪುಗಟ್ಟದಿರಲೆಂದೇ ಈ ಚುಚ್ಚುಮದ್ದು. ಮೂತ್ರಪಿಂಡ ತೀರಾ ದುರ್ಬಲವಿದ್ದರೆ ಡೋಸ್ ಇಳಿಸಬೇಕಾಗುತ್ತದೆ.

ಡಿ-ಡೈಮರ್ ಎಂದರೆ ಫೈಬ್ರಿನ್ ಕರಗಿದಾಗಿನ ಚೂರು. ಸೋಂಕು, ವಯಸ್ಸು, ಗರ್ಭ ಎಲ್ಲದರಲ್ಲೂ ಏರುತ್ತದೆ. ಮೊದಲು ವರದಿಯ ಮಾನ ಎಫ್‌ಇಯು, ಡಿಡಿಯು ಎರಡರಲ್ಲಿ ಯಾವುದೆಂದು ನೋಡಿ: ಎಫ್‌ಇಯು ಅಂಕಿ ಡಿಡಿಯುಗಿಂತ ಸುಮಾರು ಎರಡು ಪಟ್ಟು. ಎಫ್‌ಇಯು ಆದರೆ 50 ದಾಟಿದವರಿಗೆ ಮಿತಿ ವಯಸ್ಸಿನ 10 ಪಟ್ಟು, ಇವರಿಗೆ ಮಿ.ಲೀ.ಗೆ 720 ನ್ಯಾನೋಗ್ರಾಂ. ನ್ಯುಮೋನಿಯಾದಲ್ಲಿ 900 ಅಚ್ಚರಿಯಲ್ಲ. ಒಂದೇ ಕಾಲು ಊದಿಕೊಂಡರೆ ರಕ್ತನಾಳದ ಓಟ ನೋಡುವ ಡಾಪ್ಲರ್ ಸ್ಕ್ಯಾನ್, ಹಠಾತ್ ಉಸಿರು ಕಟ್ಟಿದರೆ ಶ್ವಾಸಕೋಶದಲ್ಲಿ ಹೆಪ್ಪು ಇದೆಯೇ ನೋಡಲು ಸಿಟಿ ಸ್ಕ್ಯಾನ್ ಬೇಕು. ಲಕ್ಷಣವಿಲ್ಲದೆ ಡಿ-ಡೈಮರನ್ನೇ ದಿನಾ ಮಾಡಿಸುವುದು ದುಡ್ಡು ದಂಡ.