ಸಣ್ಣದಾಗಿದ್ದಕ್ಕೇ ಉಳಿಯಿತು

ಪತ್ರ: ಶಾಲೆಯ ಮಕ್ಕಳನ್ನು ಕಾರವಾರದ ಚಾಪೆಲ್ ಹಡಗು ತೋರಿಸಲು ಕರೆದೊಯ್ದಿದ್ದೆ. 1971ರಲ್ಲಿ ಕರಾಚಿಗೆ ಕ್ಷಿಪಣಿ ಹೊಡೆದ ಹಡಗು ಅಂತ ಹೇಳಿದೆ. ಆದರೆ ಒಬ್ಬ ಹುಡುಗ ಕೇಳಿದ, ‘ಸರ್, ವಿಮಾನ ಹೊತ್ತೊಯ್ಯುವ ಹಳೆ ವಿಕ್ರಾಂತ್ ಹಡಗನ್ನೇ ಗುಜರಿಗೆ ಹಾಕಿದರಂತೆ, ಇಷ್ಟು ಚಿಕ್ಕದನ್ನು ಯಾಕೆ ಇಟ್ಟಿದ್ದಾರೆ?’ ಉತ್ತರ ಹೊಳೆಯಲಿಲ್ಲ. – ಶಿರಸಿಯ ಒಬ್ಬ ಶಿಕ್ಷಕರು

ಮಾಸ್ತರೇ,

ಮೊದಲು ಒಂದು ತಿದ್ದುಪಡಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದ ಕ್ಷಿಪಣಿ ದೋಣಿಗಳು ನಿರ್ಘಾತ್, ನಿಪಾತ್, ವೀರ್. ಚಾಪೆಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಅದೇ ರಷ್ಯನ್ ಜಾತಿಯ, ಸ್ವಲ್ಪ ಸುಧಾರಿಸಿದ ದೋಣಿ, ತಂಗಿ ಅನ್ನಿ. ಈ ತಪ್ಪು ಎಷ್ಟೋ ಕಡೆ ಅಚ್ಚಾಗಿದೆ, ನೀವೊಬ್ಬರೇ ಅಲ್ಲ. ಮಕ್ಕಳಿಗೆ ಮಾತ್ರ ತಿದ್ದಿ ಹೇಳಿ.

ಈಗ ಆ ಹುಡುಗನ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ. ಚಿಕ್ಕದಾಗಿದ್ದಕ್ಕೇ ಉಳಿಯಿತು, ಅದೇ ಉತ್ತರ.

ಕರಾವಳಿಯಲ್ಲಿ ಮನೆ ಇದ್ದವರನ್ನು ಕೇಳಿ ನೋಡಿ. ಕಿಟಕಿಯ ಸರಳಿಗೆ ಎರಡು ಮಳೆಗಾಲ ಬಣ್ಣ ಬಳಿಯದಿದ್ದರೆ ಸಾಕು, ಹಪ್ಪಳದ ಹಾಗೆ ಉಬ್ಬಿ ಏಳುತ್ತದೆ, ಉಗುರು ತಾಗಿಸಿದರೆ ಒಳಗಿಂದ ಕೆಂಪು ಪುಡಿ ಉದುರುತ್ತದೆ. ಹಡಗು ಅಂದ್ರೆ ಮೈಯೆಲ್ಲಾ ಕಬ್ಬಿಣ. ಚಾಪೆಲ್ ಉದ್ದ ಸುಮಾರು 39 ಮೀಟರ್ ಅಷ್ಟೇ. 2005ರಲ್ಲಿ ನಿವೃತ್ತಿಯಾಯಿತು, 2006ರಲ್ಲಿ ಮರಳಿನ ದಂಡೆಯ ಮೇಲೆ ಮ್ಯೂಸಿಯಂ ಆಯಿತು. ನೆಲದ ಮೇಲಿರುವುದರಿಂದ ತಳವನ್ನೂ ಕೆರೆಯಬಹುದು, ಬಣ್ಣ ಹೊಡೆಯಬಹುದು. ವಿಶಾಖಪಟ್ಟಣದ ಕುರ್ಸುರ ಜಲಾಂತರ್ಗಾಮಿ ಇದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಉದ್ದ, ಆದರೆ ಅದನ್ನೂ ದಡಕ್ಕೆ ಎಳೆದು ತಂದು ನಿಲ್ಲಿಸಿದರು, 2002ರಿಂದ ಜನ ನೋಡುತ್ತಿದ್ದಾರೆ. ಒಳಗೆ ವಿವರಿಸುವವರು ನಿವೃತ್ತ ನೌಕಾಪಡೆಯವರು.

ವಿಕ್ರಾಂತ್ 200 ಮೀಟರಿಗೂ ಉದ್ದ. 1997ರಲ್ಲಿ ನಿವೃತ್ತಿಯಾದ ಮೇಲೆ ಮುಂಬೈಯಲ್ಲಿ ನೀರಿನಲ್ಲೇ ಮ್ಯೂಸಿಯಂ ಆಗಿ ನಿಂತಿತ್ತು. ನೀರಿನಲ್ಲಿರುವ ಹಡಗಿನ ತಳ ನೋಡಬೇಕಾದರೆ ಡ್ರೈ ಡಾಕ್‌ಗೆ, ಅಂದ್ರೆ ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆಗೆ ತರಬೇಕು, ಸವೆದ ತಗಡು ಬದಲಿಸಬೇಕು, ಅಷ್ಟು ದೊಡ್ಡ ಹಡಗಿಗೆ ಆ ಖರ್ಚನ್ನು ವರ್ಷವರ್ಷವೂ ಹೊರುವವರು ಬೇಕಲ್ವಾ? ಸಿಗಲಿಲ್ಲ. 2012ರಲ್ಲಿ ಸುರಕ್ಷಿತವಲ್ಲ ಅಂತ ಜನರನ್ನು ಬಿಡುವುದು ನಿಂತಿತು. 2014ರಲ್ಲಿ ಸುಮಾರು 60 ಕೋಟಿಗೆ ಹರಾಜು, ಆಮೇಲೆ ಗ್ಯಾಸ್ ಕಟರ್. ಇನ್ನೊಂದು ವಿಮಾನವಾಹಕ ಹಡಗು ವಿರಾಟ್ ಕಥೆ ಇನ್ನೂ ಸಂಕಟದ್ದು. ಅದನ್ನು ಮ್ಯೂಸಿಯಂ ಮಾಡಲು 852 ಕೋಟಿಯ ಯೋಜನೆಗೆ ಮಹಾರಾಷ್ಟ್ರ ಸಂಪುಟ 2018ರಲ್ಲಿ ಒಪ್ಪಿತ್ತು, ಆದರೆ 2020ರಲ್ಲಿ ಹಡಗು ಒಡೆಯಲು ಗುಜರಾತಿನ ಅಲಂಗ್‌ಗೆ ಹೋಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಹಳೆ ಹಡಗು ಉಳಿಸಿ ಅಂತ ಯಾರಾದರೂ ಹೊರಟರೆ ನಾನು ಮೊದಲು ಕೇಳುವುದು ಒಂದೇ. ಹತ್ತನೇ ವರ್ಷದ ಬಣ್ಣದ ದುಡ್ಡು ಯಾರದು? ತರುವ ದಿನದ ಮೆರವಣಿಗೆಗೆ ದುಡ್ಡು ಹೇಗೋ ಹುಟ್ಟುತ್ತದೆ. ಹತ್ತನೇ ವರ್ಷದ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಎಣ್ಣೆ, ವೈರು ಎಲ್ಲ ತೆಗೆದು ತೊಳೆದು, ಸಮುದ್ರದ ತಳಕ್ಕೆ ಇಳಿಸುವುದೇ ವಾಸಿ. ಮೀನು ಸೇರುತ್ತದೆ, ಡೈವಿಂಗ್ ಮಾಡುವವರೂ ಬರುತ್ತಾರೆ. ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ನೌಕಾಪಡೆಯ ಹಳೆ ಗುಲ್ದಾರ್ ಹಡಗಿಗೆ ಹಾಕಿಕೊಂಡ ಯೋಜನೆ ಅದೇ.

ಮುಂದಿನ ಸಲ ಆ ಹುಡುಗನನ್ನು ಮತ್ತೆ ಕರೆದುಕೊಂಡು ಹೋಗಿ. ಚಾಪೆಲ್ ಪಕ್ಕದಲ್ಲೇ ಈಗ ನೌಕಾಪಡೆಯ ಹಳೆ ಟುಪೊಲೆವ್ ವಿಮಾನವೂ ಇದೆ. ಒಳಗೆ ಹೋಗುವ ಮೊದಲು ಹಡಗಿನ ತಳದ ಸುತ್ತ ಒಂದು ಸುತ್ತು ಹಾಕಿಸಿ, ಎಲ್ಲೆಲ್ಲಿ ಬಣ್ಣ ಎದ್ದಿದೆ ಅಂತ ಅವನೇ ಹುಡುಕಲಿ.

– ಸಂಪಾದಕ