ಪ್ರತಿಕ್ರಿಯೆ: ಸುರಂಗ ಕುಸಿದ ಗುಡ್ಡೆಯಿಂದ ಕಲ್ಲು ಉರುಳುತ್ತಿದ್ದರೆ

ಕಾಸರಗೋಡಿನ ಪೆರ್ಲದ ಹತ್ತಿರ ನಿಮ್ಮ ಮನೆ ಹಿಂದಿನ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಹಳೇ ಸುರಂಗ ಕುಸಿದಿದೆ, ಮೇಲಿನ ಬರೆಯಿಂದ (ಗುಡ್ಡದ ಕಡಿದಾದ ಬದಿಯಿಂದ) ಮುರಕಲ್ಲು, ಅಂದರೆ ಕೆಂಪುಕಲ್ಲು, ಉದುರುತ್ತಿದೆ, ಮನೆಗೆ ಅಪಾಯವಿದೆಯಾ ಅಂತ ಕೇಳಿದ್ದೀರಿ ಅಲ್ವಾ?

ಬಿದ್ದ ಕಲ್ಲಿಗಿಂತ ಬರೆಯ ನೆತ್ತಿ ಮುಖ್ಯ. ಗಣಿ ಕುಸಿದ ಗುಡ್ಡಗಳಲ್ಲೂ ಇದೇ ಕಥೆ. ಒಳಗೆ ಪೊಳ್ಳಾದರೆ ಅಂಚಿನ ನೆಲ ಎಳೆದಂತಾಗಿ ಬಿರಿಯುತ್ತದೆ, ಬಂಡೆಗಳ ಹಿಡಿತ ಬಿಡುತ್ತದೆ. ಬರೆಗೆ ಸಮಾನಾಂತರ ಬಿರುಕಿದ್ದರೆ ಎರಡೂ ಬದಿ ಗೂಟ ಹೊಡೆದು, ಮಳೆಗಾಲದಲ್ಲಿ ದಿನಾ ಅಂತರ ಅಳೆಯಿರಿ. ಅಂಚಿಗೆ ಮಾತ್ರ ಹೋಗಬೇಡಿ. ಅಂತರ ಹೆಚ್ಚುತ್ತಿದ್ದರೆ ಕಾಯದೆ ಮನೆ ಬಿಡಿ.

ಕಲ್ಲು ಎಲ್ಲಿವರೆಗೆ ಬರಬಹುದು? ಅಂಗಳದಲ್ಲಿ ನಿಂತು, ಬರೆಯ ಬುಡದಲ್ಲಿ ಬಿದ್ದ ಕಲ್ಲಿನ ರಾಶಿಯ ಮೇಲ್ತುದಿ ಸಮತಟ್ಟಿನಿಂದ ಎಷ್ಟು ಡಿಗ್ರಿ ಮೇಲಿದೆ ಅಂತ ಮೊಬೈಲಿನ ಕೋನ ಅಳೆಯುವ ಆ್ಯಪ್‌ನಲ್ಲಿ ನೋಡಿ. ಸುಮಾರು 27 ಡಿಗ್ರಿಗಿಂತ ಜಾಸ್ತಿ ಬಂದರೆ ಮನೆ ಕಲ್ಲಿನ ದಾರಿಯಲ್ಲಿದೆ ಅಂತಲೇ ತಿಳಿಯಿರಿ. ಇದು ಒರಟು ಲೆಕ್ಕ. ಕಡಿಮೆ ಬಂತು ಅಂತ ಸುಮ್ನೆ ಕೂರಬೇಡಿ. ಇಡೀ ಬರೆಯೇ ಜರಿದರೆ ಈ ಲೆಕ್ಕ ನಡೆಯುವುದಿಲ್ಲ.

ಸುರಂಗದ ನೀರು ಕೆಂಪಗೋ ಬೆಳ್ಳಗೋ ಕದಡಿ ಬಂದರೆ ಮುರಕಲ್ಲಿನ ಅಡಿಯ ಜೇಡಿ ಕೊಚ್ಚಿ ಹೋಗುತ್ತಿದೆ. ಒಳಗೆ ಇಳಿಯಬೇಡಿ, ಬಾಯಿಯನ್ನೂ ಮುಚ್ಚಬೇಡಿ. ಮುಚ್ಚಿದರೆ ನೀರು ಒಳಗೇ ನಿಂತು ಒತ್ತುತ್ತದೆ. ಮೇಲಿನ ಮಳೆನೀರು ಬಿರುಕಿಗೆ ಇಳಿಯದಂತೆ ಕಣಿ (ಚರಂಡಿ) ತೋಡಿ ಬೇರೆ ಕಡೆ ತಿರುಗಿಸಿ. ಫೋಟೋ, ಅಳತೆ ಇಟ್ಟು ವಿಲ್ಲೇಜ್ ಆಫೀಸಿಗೆ ಅರ್ಜಿ ಕೊಡಿ, ಜಿಯಾಲಜಿಯವರು ಬಂದು ನೋಡಬೇಕು ಅಂತ ಬರೆಯಿರಿ.