ಸೈಕಲ್ ಎಣಿಸಬೇಕೇ? ಬೆಳಿಗ್ಗೆ ಆರಕ್ಕೇ ರಸ್ತೆಗೆ ಬನ್ನಿ

ನಗರದಲ್ಲಿ ಸೈಕಲ್ ಸವಾರರು ಹೇಗೆ ಓಡಾಡುತ್ತಾರೆ ಎಂದು ಕಾಲೇಜಿನ ಪ್ರಾಜೆಕ್ಟ್‌ಗಾಗಿ ತಿಳಿಯಬೇಕು, ಆ್ಯಪ್‌ಗಳ ಮಾಹಿತಿ ಸಾಕೇ, ರಸ್ತೆಯಲ್ಲಿ ನಿಲ್ಲಲೇಬೇಕೇ ಎಂದು ಕೇಳಿದ್ದೀರಿ. ನಿಲ್ಲಲೇಬೇಕು.

ಕೆಲವು ವರ್ಷಗಳ ಹಿಂದೆ ನಾನೂ ಗೆಳೆಯನೊಬ್ಬನೂ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಬೆಳ್ಳಂದೂರಿನ ಹತ್ತಿರ, ಇದೇ ಕೆಲಸಕ್ಕೆ ನಿಂತಿದ್ದೆವು. 2020ರಲ್ಲಿ ತಾತ್ಕಾಲಿಕ ಸೈಕಲ್ ಪಥ ಮಾಡಲು ಹೊರಟದ್ದು ಇದೇ ರಸ್ತೆಯಲ್ಲಿ. ಮೊದಲ ದಿನ ಒಂಬತ್ತಕ್ಕೆ ಹೋದೆವು. ಸಿಕ್ಕವರು ಹೆಲ್ಮೆಟ್ ತೊಟ್ಟ ನಾಲ್ಕಾರು ಐಟಿ ಉದ್ಯೋಗಿಗಳು. ಮರುದಿನ ಆರಕ್ಕೇ ಹೋದರೆ ನೋಟವೇ ಬೇರೆ: ಹ್ಯಾಂಡಲ್‌ಗೆ ಊಟದ ಡಬ್ಬಿ ತೂಗುಹಾಕಿಕೊಂಡ ಸೆಕ್ಯುರಿಟಿ ಗಾರ್ಡ್‌ಗಳು, ಕ್ಯಾರಿಯರ್‌ಗೆ ಕರಣೆ ಸಿಕ್ಕಿಸಿಕೊಂಡ ಗಾರೆ ಕೆಲಸದವರು, ಪೇಪರ್ ಹುಡುಗರು. ನಾವು ಹಿಂದಿನ ದಿನ ಬರುವಷ್ಟರಲ್ಲಿ ಇವರೆಲ್ಲ ಕೆಲಸಕ್ಕೆ ಸೇರಿಯಾಗಿತ್ತು!

ಆ್ಯಪ್‌ಗಳ ತೊಡಕೂ ಇದೇ. ಸವಾರರು ತಮ್ಮ ಸೈಕಲ್ ಓಡಾಟವನ್ನು ಮೊಬೈಲ್‌ನಲ್ಲಿ ದಾಖಲಿಸಿಕೊಳ್ಳುವ ಸ್ಟ್ರಾವಾ ಆ್ಯಪ್ ತನ್ನ ಬಳಕೆದಾರರ ಓಡಾಟವನ್ನು, ಹೆಸರು ತೆಗೆದು ಒಟ್ಟುಗೂಡಿಸಿ, ನಗರ ಯೋಜಕರಿಗೆ ಕೊಡುತ್ತದೆ. ಯಾವ ಬೀದಿಯಿಂದ ಯಾವ ಬೀದಿಗೆ ಎಂಬುದು ಅದರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಡಬ್ಬಿ ತೂಗುಹಾಕಿಕೊಂಡವರು ದಿನವೂ ಹೋಗುವ ದಾರಿಯನ್ನು ಮೊಬೈಲ್‌ನಲ್ಲಿ ದಾಖಲಿಸುತ್ತಾ ಕೂರುವುದಿಲ್ಲ.

ಯಂತ್ರಗಳೂ ಇವೆ. ರಸ್ತೆಗೆ ಅಡ್ಡಲಾಗಿ ಹಾಸಿದ ರಬ್ಬರ್ ಕೊಳವೆ ಚಕ್ರ ಹಾಯ್ದಾಗ ಹೊಮ್ಮುವ ಗಾಳಿಯ ಒತ್ತಡದಿಂದ ಎಣಿಸುತ್ತದೆ. ನೆಲದಡಿ ಹೂತ ತಂತಿಯ ಸುರುಳಿ ಲೋಹವನ್ನು ಗುರುತಿಸುತ್ತದೆ. ಕೋಪನ್‌ಹೇಗನ್‌ನಂತೆ ಸೈಕಲ್‌ಗೆ ಪ್ರತ್ಯೇಕ ಪಥವಿರುವಲ್ಲಿ ಇವು ಸಲೀಸು. ನಮ್ಮಲ್ಲಿ ಆಟೊ, ಸ್ಕೂಟರ್ ಎಲ್ಲ ಇವುಗಳ ಮೇಲೆಯೇ ಹಾಯುತ್ತವೆ, ಸೈಕಲ್ ಮಾತ್ರ ಫುಟ್‌ಪಾತ್ ಹತ್ತಿ ಹೋಗಿರುತ್ತದೆ.

ನಾವು ಮಾಡಿದ್ದು ಇಷ್ಟೇ. ಗೆಳೆಯ ಕೆಳಗೆ ನಿಂತು, ಹದಿನೈದು ನಿಮಿಷಕ್ಕೊಂದು ಸಾಲಿನಂತೆ, ಸೈಕಲ್‌ಗೊಂದು ಗೀಟೆಳೆದ, ಐದಕ್ಕೊಂದು ಅಡ್ಡಗೀಟು. ನಾನು ಸ್ಕೈವಾಕ್ ಮೇಲೆ ನಿಂತು ಕೈಯಲ್ಲಿ ಬರೆದ ಜಂಕ್ಷನ್ನಿನ ನಕ್ಷೆಯ ಮೇಲೆ ಪ್ರತಿ ಸವಾರ ಹಾದುಹೋದ ಜಾಡನ್ನು ಪೆನ್ಸಿಲ್‌ನಲ್ಲಿ ಎಳೆದೆ. ಅರ್ಧ ಗಂಟೆಯಲ್ಲಿ ಒಂದು ಕಡೆ ಗೆರೆಗಳು ದಟ್ಟವಾಗಿ ಕಪ್ಪಾದವು: ಸರ್ವಿಸ್ ರಸ್ತೆಯಲ್ಲಿ, ಎದುರು ದಿಕ್ಕಿನಲ್ಲಿ. ನಿಯಮ ಮುರಿಯುವ ಚಟ ಎಂದುಕೊಂಡೆ. ಕೆಳಗಿಳಿದು ಒಬ್ಬ ಗಾರ್ಡ್‌ನನ್ನು "ಅಣ್ಣಾ, ಈ ಕಡೆಯಿಂದ ಯಾಕೆ?" ಎಂದು ಕೇಳಿದೆ. "ಸರ್, ಯೂ-ಟರ್ನ್ ಅಷ್ಟು ದೂರ ಇದೆ, ನನ್ನ ಗೇಟ್ ಇಲ್ಲೇ ಇದೆ. ತುಳಿಯುವವನು ನಾನಲ್ಲವೇ?" ಎಂದ. ಯಂತ್ರವಿದ್ದರೆ ಅವನನ್ನು ಒಂದು ಸಂಖ್ಯೆ ಮಾಡಿ ಸುಮ್ಮನಾಗುತ್ತಿತ್ತು.

ಹಾಗಾಗಿ ನಿಮ್ಮ ಹಾಳೆಯಲ್ಲಿ ದಿಕ್ಕಿಗೆ, ಫುಟ್‌ಪಾತ್ ಹತ್ತಿದವರಿಗೆ, ಸೈಕಲ್ ತಳ್ಳಿಕೊಂಡು ಹೋದವರಿಗೆ ಒಂದೊಂದು ಕಲಂ ಇರಲಿ. ಹೆಂಗಸರನ್ನು ಬೇರೆಯಾಗಿ ಎಣಿಸಿ. ಮಂಗಳವಾರದಿಂದ ಗುರುವಾರದೊಳಗೆ ಎರಡು ದಿನ, ಒಂದು ಭಾನುವಾರ, ಸಂಜೆ ಪಾಳಿ ಬಿಡುವ ಹೊತ್ತೂ ಸೇರಲಿ. ಪೆನ್ಸಿಲ್ಲನ್ನೇ ಒಯ್ಯಿರಿ, ನಮ್ಮ ಪೆನ್ನಿನ ಹಾಳೆಗಳು ಮೂರನೆಯ ದಿನದ ಮಳೆಯಲ್ಲಿ ಕಲಸಿಹೋದವು.